ತೊಂಬತ್ತು ಗಂಟೆಗಳ ವಾರ: ತಂತ್ರಾಂಶ ದುಡಿಮೆಯ ಚರಿತ್ರೆಯಿಂದ ಕೆಲವು ಪುಟಗಳು

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಬಂದಾಗ ಉಗಿಯಂತ್ರ, ನೂಲುವ ಯಂತ್ರ, ಅವುಗಳನ್ನು ಕಂಡುಹಿಡಿದವರ ಹೆಸರು, ಇಸವಿ, ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಆ ಯಂತ್ರಗಳ ಮುಂದೆ ನಿಂತವರು ದಿನಕ್ಕೆ ಎಷ್ಟು ಗಂಟೆ ನಿಂತಿದ್ದರು ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ಆದರೆ ಮನುಷ್ಯರ ಚರಿತ್ರೆಯನ್ನು ಅರಿಯಬೇಕೆನ್ನುವವನಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಮತ್ತೊಂದಿಲ್ಲ.

ಇಂಗ್ಲೆಂಡಿನ 1833ರ ಕಾರ್ಖಾನೆ ಕಾಯಿದೆಯು 13ರಿಂದ 18 ವರ್ಷದೊಳಗಿನ ಬಟ್ಟೆ ಗಿರಣಿ ಕೆಲಸಗಾರರ ದುಡಿಮೆಯನ್ನು ದಿನಕ್ಕೆ 12 ಗಂಟೆ, ವಾರಕ್ಕೆ 69 ಗಂಟೆಗಳಿಗೆ ಮಿತಿಗೊಳಿಸಿತು. ಅಂದಿನ ಗಿರಣಿ ಮಾಲೀಕರಿಗೆ ಇದೇ ಅತಿಯಾದ ಉದಾರತೆಯೆಂದು ತೋರಿತ್ತು. 1847ರಲ್ಲಿ ಮಹಿಳೆಯರಿಗೂ ಕಿರಿಯರಿಗೂ ದಿನಕ್ಕೆ 10 ಗಂಟೆಯ ಮಿತಿ ಬಂತು. 1886ರ ಮೇ ತಿಂಗಳಲ್ಲಿ ಎಂಟು ಗಂಟೆಯ ದಿನಕ್ಕಾಗಿ ಷಿಕಾಗೊ ನಗರದಲ್ಲಿ ರಕ್ತ ಹರಿಯಿತು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊತ್ತಮೊದಲ ಒಡಂಬಡಿಕೆಯೇ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ಕುರಿತದ್ದಾಯಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆಯೂ ವಾರಕ್ಕೆ 48 ಗಂಟೆ ಎಂದೇ ಹೇಳಿತು. ಹೀಗೆ 69ರಿಂದ 48ಕ್ಕೆ ಇಳಿಯಲು ಜಗತ್ತಿಗೆ ಎಂಟು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಈಗ ನಮ್ಮ ಕಾಲಕ್ಕೆ ಬರೋಣ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು ಭಾರತದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯ ಅಧ್ಯಕ್ಷರು ಆಡಿದ 90 ಗಂಟೆಗಳ ಮಾತು ಹೊರಬಂದು ದೇಶವೆಲ್ಲ ಚರ್ಚೆಯಾಯಿತು. 70 ಎಂಬ ಅಂಕೆ 1833ರ ಕಾಯಿದೆಯ ಮಿತಿಗಿಂತ ಒಂದು ಗಂಟೆ ಹೆಚ್ಚು ಎಂಬುದನ್ನು ಚರಿತ್ರೆಯ ಮೇಷ್ಟ್ರಾದವನು ಗಮನಿಸದೆ ಇರಲಾರ. ಹೋಲಿಕೆ ಪೂರ್ತಿಯಾಗಿ ಸಲ್ಲದು ಎಂಬುದೂ ನಿಜ. ಹತ್ತಿಯ ಧೂಳಿನಲ್ಲಿ ಕೆಮ್ಮುತ್ತ ನಿಂತ ಹುಡುಗನೂ ತಂಪಾದ ಕೋಣೆಯಲ್ಲಿ ಗಣಕದ ಮುಂದೆ ಕುಳಿತ ಇಂಜಿನಿಯರೂ ಒಂದೇ ಸ್ಥಿತಿಯವರಲ್ಲ. ಆದರೂ ಈ 70 ಮತ್ತು 90 ಎಂಬ ಅಂಕೆಗಳು ಇದ್ದಕ್ಕಿದ್ದಂತೆ ಆಕಾಶದಿಂದ ಬಿದ್ದವುಗಳಲ್ಲ, ಅವುಗಳಿಗೊಂದು ಚರಿತ್ರೆಯಿದೆ. ಸ್ಟಾರ್ಟ್‌ಅಪ್ ಎಂದು ಇಂದು ಎಲ್ಲರ ಬಾಯಲ್ಲಿರುವ ನವೋದ್ಯಮಗಳ ಆರಂಭದ ದಿನಗಳಲ್ಲಿ ಅದರ ಬೇರುಗಳಿವೆ. ಆ ಬೇರುಗಳನ್ನು ಸ್ವಲ್ಪ ಕೆದಕಿ ನೋಡುವುದು ಈ ಲೇಖನದ ಉದ್ದೇಶ.

ಎಂಟು ವಾರಗಳ ಕೆಲಸ

1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಚಿಕ್ಕ ಗಣಕಯಂತ್ರದ ಚಿತ್ರ ಪ್ರಕಟವಾಯಿತು. ಅದನ್ನು ತಯಾರಿಸುತ್ತಿದ್ದುದು ಅಮೆರಿಕದ ಆಲ್ಬಕರ್ಕಿ ನಗರದ ಎಂ.ಐ.ಟಿ.ಎಸ್. ಎಂಬ ಸಣ್ಣ ಸಂಸ್ಥೆ. ಪತ್ರಿಕೆಯನ್ನು ಕಂಡ ಪಾಲ್ ಆಲೆನ್ ಎಂಬ ತರುಣ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 19 ವರ್ಷದ ಗೆಳೆಯ ಬಿಲ್ ಗೇಟ್ಸ್‌ನಿಗೆ ಅದನ್ನು ತೋರಿಸಿದ. ಆ ಯಂತ್ರಕ್ಕೆ ಬೇಸಿಕ್ ಭಾಷೆಯ ತಂತ್ರಾಂಶ ನಮ್ಮಲ್ಲಿದೆ ಎಂದು ಇಬ್ಬರೂ ಸಂಸ್ಥೆಗೆ ತಿಳಿಸಿಬಿಟ್ಟರು. ಅವರ ಬಳಿ ತಂತ್ರಾಂಶವೂ ಇರಲಿಲ್ಲ, ಆ ಯಂತ್ರವೂ ಇರಲಿಲ್ಲ!

ಮುಂದಿನ ಸುಮಾರು ಎಂಟು ವಾರ ಹಗಲು ರಾತ್ರಿ ಒಂದಾಯಿತು. ವಿಶ್ವವಿದ್ಯಾಲಯದ ಪಿ.ಡಿ.ಪಿ.-10 ಎಂಬ ದೊಡ್ಡ ಗಣಕವು ಆಲ್ಟೇರ್ ಯಂತ್ರದಂತೆ ನಟಿಸುವ ಹಾಗೆ ಆಲೆನ್ ಒಂದು ಪ್ರೋಗ್ರಾಂ ಬರೆದ. ಅದರ ಮೇಲೆ ಗೇಟ್ಸ್ ಬೇಸಿಕ್ ಬರೆದ. ದಶಮಾಂಶ ಲೆಕ್ಕಗಳ ಭಾಗವನ್ನು ಮಾಂಟೆ ಡೇವಿಡಾಫ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಬರೆದುಕೊಟ್ಟ. ಎಲ್ಲವೂ 4 ಕಿಲೋಬೈಟ್, ಅಂದರೆ 4,096 ಬೈಟುಗಳ ಸ್ಮರಣೆಯೊಳಗೆ ಹಿಡಿಸಬೇಕಾಗಿತ್ತು. ಇದು ಎಷ್ಟು ಇಕ್ಕಟ್ಟು ಎಂಬುದನ್ನು ಕನ್ನಡದವರಿಗೆ ಹೀಗೆ ವಿವರಿಸಬಹುದು: ಇಂದು ಬಳಕೆಯಲ್ಲಿರುವ ಯೂನಿಕೋಡ್ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಸಾಮಾನ್ಯವಾಗಿ 3 ಬೈಟು ಬೇಕು. ಆ ಲೆಕ್ಕದಲ್ಲಿ 4,096 ಬೈಟುಗಳಲ್ಲಿ ಈ ಲೇಖನದ ಮೂರು ಪ್ಯಾರಾಗಳು ಹಿಡಿಸುವುದೂ ಕಷ್ಟ. ತಂತ್ರಾಂಶದೊಂದಿಗೆ ಆಲ್ಬಕರ್ಕಿಗೆ ವಿಮಾನದಲ್ಲಿ ಹೊರಟ ಆಲೆನ್‌ಗೆ, ಅದನ್ನು ಯಂತ್ರದೊಳಕ್ಕೆ ಏರಿಸುವ ಪುಟ್ಟ ಪ್ರೋಗ್ರಾಂ ಬರೆದೇ ಇಲ್ಲವೆಂಬುದು ದಾರಿಯಲ್ಲಿ ಹೊಳೆಯಿತು. ವಿಮಾನದಲ್ಲಿಯೇ ಕಾಗದದ ಮೇಲೆ ಅದನ್ನು ಬರೆದು ಮುಗಿಸಿದ. ನಿಜವಾದ ಆಲ್ಟೇರ್ ಯಂತ್ರವನ್ನು ಎಂದೂ ಮುಟ್ಟಿರದವರ ತಂತ್ರಾಂಶ ಅದರ ಮೇಲೆ ಓಡಿತು. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಎಂದು ಉತ್ತರ ಬಂತು. ಮೈಕ್ರೋಸಾಫ್ಟ್ ಹುಟ್ಟಿದ್ದು ಹೀಗೆ.

ಈ ಸಾಹಸದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಕೂಲಿಯ ಕಥೆಯನ್ನು ಹೇಳುವವರು ಕಡಿಮೆ. 1976ರ ಫೆಬ್ರವರಿಯಲ್ಲಿ ಗೇಟ್ಸ್ ಹವ್ಯಾಸಿ ಗಣಕಪ್ರಿಯರಿಗೆ ಒಂದು ಬಹಿರಂಗ ಪತ್ರ ಬರೆದರು. ತಂತ್ರಾಂಶವನ್ನು ಬಹುಪಾಲು ಜನ ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆ, ಹೀಗಾಗಿ ತಮ್ಮ ದುಡಿಮೆಗೆ ದೊರೆತದ್ದು ಗಂಟೆಗೆ 2 ಡಾಲರಿಗಿಂತಲೂ ಕಡಿಮೆ ಎಂಬುದು ಅವರ ದೂರು. ಆ ವರ್ಷ ಅಮೆರಿಕದಲ್ಲಿ ಕಾನೂನು ನಿಗದಿಪಡಿಸಿದ್ದ ಕನಿಷ್ಠ ಕೂಲಿಯೇ ಗಂಟೆಗೆ 2.30 ಡಾಲರ್. ಮುಂದೆ ಜಗತ್ತಿನ ಅತಿ ದೊಡ್ಡ ಶ್ರೀಮಂತನಾದವನ ಮೊದಲ ದುಡಿಮೆಯ ಲೆಕ್ಕ ಹೋಟೆಲಿನ ಕೆಲಸದಾಳಿನ ಕೂಲಿಗಿಂತ ಕಡಿಮೆಯಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಆ ದುಡಿಮೆಯ ಫಲ ಸಂಪೂರ್ಣವಾಗಿ ದುಡಿದವರದೇ ಆಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಪೆಟ್ಟಿಗೆಯೊಳಗಿನ ಸಹಿಗಳು

ಎರಡನೆಯ ಪುಟ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಗಣಕದ್ದು. 1979ರಲ್ಲಿ ಜೆಫ್ ರಾಸ್ಕಿನ್ ಎಂಬುವರು ಆರಂಭಿಸಿದ ಈ ಯೋಜನೆಯನ್ನು 1981ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ಕೈಗೆ ತೆಗೆದುಕೊಂಡರು. ದೊಡ್ಡ ಕಂಪನಿಯೊಳಗೇ ಬೇರೆ ಒಲೆ ಹೂಡಿದ ಪುಟ್ಟ ತಂಡವದು. ಅದರಲ್ಲಿ ದುಡಿದ ಆಂಡಿ ಹರ್ಟ್ಸ್‌ಫೆಲ್ಡ್ ಎಂಬ ಪ್ರೋಗ್ರಾಮರ್ ಮುಂದೆ ತಮ್ಮ ಮತ್ತು ಸಹೋದ್ಯೋಗಿಗಳ ನೆನಪುಗಳನ್ನು ಸಣ್ಣ ಸಣ್ಣ ಪ್ರಸಂಗಗಳಾಗಿ ಬರೆದಿಟ್ಟರು. 2004ರಲ್ಲಿ ಅವು ಪುಸ್ತಕವಾಗಿಯೂ ಬಂದವು. ತಂತ್ರಾಂಶ ದುಡಿಮೆಯನ್ನು ದುಡಿದವರೇ ದಾಖಲಿಸಿದ ಅಪರೂಪದ ಆಕರ ಇದು.

ತಂಡದವರು ತಯಾರಿಸಿಕೊಂಡ ಅಂಗಿಯೊಂದರ ಪ್ರಸಂಗ ಅದರಲ್ಲಿ ಬರುತ್ತದೆ. ವಾರಕ್ಕೆ 90 ಗಂಟೆ ದುಡಿಯುತ್ತೇವೆ, ಅದನ್ನು ಪ್ರೀತಿಸುತ್ತೇವೆ ಎಂಬ ಅರ್ಥದ ಬರಹ ಆ ಅಂಗಿಯ ಮೇಲಿತ್ತು. 2025ರಲ್ಲಿ ನಮ್ಮ ದೇಶ ಚರ್ಚಿಸಿದ 90 ಎಂಬ ಅಂಕೆ 1983ರಲ್ಲಿಯೇ ಬಟ್ಟೆಯ ಮೇಲೆ ಅಚ್ಚಾಗಿತ್ತು! ವಾರದಲ್ಲಿರುವುದು 168 ಗಂಟೆ. 90 ಕಳೆದರೆ 78. ದಿನಕ್ಕೆ ಏಳು ಗಂಟೆಯಂತೆ ನಿದ್ದೆಗೆ 49 ಕಳೆದರೆ ಉಳಿಯುವುದು 29. ದಿನವೊಂದಕ್ಕೆ ನಾಲ್ಕು ಗಂಟೆಗೆ ತುಸು ಹೆಚ್ಚು. ಸ್ನಾನ, ಊಟ, ಪ್ರಯಾಣ, ತಂದೆತಾಯಿ, ಹೆಂಡತಿ ಮಕ್ಕಳು, ಕಾಯಿಲೆ ಕಸಾಲೆ ಎಲ್ಲವೂ ಆ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಅಂಗಿ ತೊಟ್ಟವರಲ್ಲಿ ಬಹುಪಾಲು ಜನ ಇಪ್ಪತ್ತರ ಹರೆಯದವರು, ಹೆಚ್ಚಿನ ಸಂಸಾರಭಾರ ಇಲ್ಲದವರು ಎಂಬುದನ್ನು ಮರೆಯಬಾರದು.

ಯಂತ್ರ ಆರಂಭವಾಗಲು ಹಿಡಿಯುವ ಸಮಯವನ್ನು 10 ಸೆಕೆಂಡು ಕಡಿಮೆ ಮಾಡಬೇಕೆಂದು ಜಾಬ್ಸ್ ಒಬ್ಬ ಪ್ರೋಗ್ರಾಮರಿಗೆ ಒತ್ತಾಯಿಸಿದ ಪ್ರಸಂಗವೂ ಸ್ವಾರಸ್ಯಕರವಾಗಿದೆ. 50 ಲಕ್ಷ ಜನ ದಿನಕ್ಕೊಮ್ಮೆ ಯಂತ್ರವನ್ನು ಚಾಲೂ ಮಾಡಿದರೆ ದಿನಕ್ಕೆ 5 ಕೋಟಿ ಸೆಕೆಂಡು ಉಳಿಯುತ್ತದೆ, ವರ್ಷಕ್ಕೆ ಹತ್ತಾರು ಜೀವ ಉಳಿಸಿದಂತೆ ಎಂಬುದು ಅವರ ವಾದ. ಮೇಷ್ಟ್ರ ಅಭ್ಯಾಸದಂತೆ ಲೆಕ್ಕ ಮಾಡಿ ನೋಡಿದೆ. 5 ಕೋಟಿ ಸೆಕೆಂಡು ಎಂದರೆ ಸುಮಾರು 579 ದಿನ. ದಿನಕ್ಕೆ 579 ದಿನವೆಂದರೆ ವರ್ಷಕ್ಕೆ 579 ವರ್ಷ. 70 ವರ್ಷದ ಆಯಸ್ಸಿನಂತೆ ಭಾಗಿಸಿದರೆ ಎಂಟು ಜೀವಗಳು ಸಿಗುತ್ತವೆ, ಹತ್ತಾರು ಸಿಗುವುದಿಲ್ಲ. ಆದರೂ ವಾದ ಗೆದ್ದಿತು, ಸಮಯ ಕಡಿಮೆಯಾಯಿತು. ಬಳಸುವವನ ಹತ್ತು ಸೆಕೆಂಡಿಗೆ ಇಷ್ಟು ಕರಾರುವಾಕ್ಕಾಗಿ ಬೆಲೆ ಕಟ್ಟಿದವರು, ತಯಾರಿಸುವವನ ತೊಂಬತ್ತು ಗಂಟೆಗೆ ಅದೇ ಲೆಕ್ಕ ಹಾಕಲಿಲ್ಲವೆಂಬುದು ಗಮನಾರ್ಹ.

ದುಡಿಮೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅದೇ ಕಾಲದ ಇನ್ನೊಂದು ಪ್ರಸಂಗ ಉತ್ತರ ಕೊಡುತ್ತದೆ. ಪ್ರೋಗ್ರಾಮರುಗಳು ಪ್ರತಿ ವಾರ ಎಷ್ಟು ಸಾಲು ಬರೆದರೆಂಬುದನ್ನು ನಮೂನೆಯೊಂದರಲ್ಲಿ ಭರ್ತಿ ಮಾಡಬೇಕೆಂದು 1982ರಲ್ಲಿ ಆಪಲ್‌ನ ವ್ಯವಸ್ಥಾಪಕರು ಆಜ್ಞೆ ಮಾಡಿದರು. 2025ರಲ್ಲಿ ನಿಧನರಾದ ಬಿಲ್ ಅಟ್ಕಿನ್ಸನ್ ಅಂದು ಚಿತ್ರ ಬಿಡಿಸುವ ತಂತ್ರಾಂಶವನ್ನು ತಿದ್ದಿ, ಎಷ್ಟೋ ಪಟ್ಟು ವೇಗವಾಗಿಸಿ, ಜೊತೆಗೆ 2,000 ಸಾಲುಗಳಷ್ಟು ಚಿಕ್ಕದಾಗಿಸಿದ್ದರು. ನಮೂನೆಯಲ್ಲಿ ಅವರು ಬರೆದದ್ದು ಋಣ 2,000! ಕೆಲವು ವಾರಗಳ ಬಳಿಕ ಅವರಿಂದ ಆ ನಮೂನೆ ಕೇಳುವುದನ್ನೇ ನಿಲ್ಲಿಸಿದರಂತೆ. ಪಾಠಯೋಜನೆಯ ಪುಟಗಳನ್ನು ಎಣಿಸಿ ಪಾಠದ ಗುಣಮಟ್ಟ ಅಳೆಯುವ ತನಿಖೆಯನ್ನು ಕಂಡ ಯಾವ ಶಿಕ್ಷಕನಿಗೂ ಈ ಪ್ರಸಂಗದ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲುಗಳನ್ನು ಎಣಿಸುವುದೂ ಗಂಟೆಗಳನ್ನು ಎಣಿಸುವುದೂ ಒಂದೇ ಜಾತಿಯ ಅಳತೆಗಳು.

ಇಷ್ಟಾದರೂ ಆ ತಂಡದವರು ತಮ್ಮ ಕೆಲಸವನ್ನು ಶಿಲ್ಪಿಗಳಂತೆ ಪ್ರೀತಿಸಿದರು. 1982ರ ಫೆಬ್ರವರಿಯಲ್ಲಿ ತಂಡದವರೆಲ್ಲ ಒಂದು ಹಾಳೆಯ ಮೇಲೆ ಸಹಿ ಮಾಡಿದರು. ಆ ಸಹಿಗಳನ್ನು ಮ್ಯಾಕಿಂಟಾಷ್ ಪೆಟ್ಟಿಗೆಯ ಒಳಮೈಯಲ್ಲಿ ಅಚ್ಚೊತ್ತಲಾಯಿತು. ಕೊಂಡವರ ಕಣ್ಣಿಗೆ ಅವು ಬೀಳುವಂತಿರಲಿಲ್ಲ; ಬಿಚ್ಚಿದವರಿಗೆ ಮಾತ್ರ ಕಾಣುತ್ತಿದ್ದವು. ನಮ್ಮ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ಶಿಲ್ಪಿಗಳು ಪ್ರತಿಮೆಗಳ ಪೀಠದಲ್ಲಿ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಕಟ್ಟಿಸಿದವನ ಹೆಸರಿನ ಜೊತೆಗೆ ಕೆತ್ತಿದವನ ಹೆಸರೂ ಉಳಿದದ್ದು ಹೊಯ್ಸಳ ಶಿಲ್ಪದ ಹಿರಿಮೆ. ಅಂಥದೇ ಒಂದು ಆಸೆ ಎಂಟುನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾದ ಈ ತರುಣರಲ್ಲಿಯೂ ಕಾಣುತ್ತದೆ.

1984ರ ಜನವರಿ 24ರಂದು ಮ್ಯಾಕಿಂಟಾಷ್ ಲೋಕಾರ್ಪಣೆಯಾಯಿತು. ಅದಕ್ಕೆ ಮೊದಲು, ತಂತ್ರಾಂಶ ಮುಗಿಸಲು ಇನ್ನೆರಡು ವಾರ ಬೇಕೆಂದು ತಂಡ ಕೇಳಿದಾಗ ಜಾಬ್ಸ್ ಒಪ್ಪಲಿಲ್ಲ. ಜನವರಿ 16ರ ಬೆಳಗಿನ ಗಡುವಿಗೆ ಅವರು ನಿದ್ದೆಗೆಟ್ಟು ಮುಗಿಸಿಕೊಟ್ಟರು. ಮರುವರ್ಷ, 1985ರ ಫೆಬ್ರವರಿಯಲ್ಲಿ, ಯಂತ್ರದ ವಿದ್ಯುನ್ಮಂಡಲ ರೂಪಿಸಿದ ಬರೆಲ್ ಸ್ಮಿತ್ ಕೆಲಸ ಬಿಟ್ಟರು. ಆಗ ಅವರು ತಮ್ಮ ಅಂಗಿಯ ಮೇಲಿನ 90ರಲ್ಲಿ 9ರ ಮೇಲೆ ಪಟ್ಟಿ ಅಂಟಿಸಿಕೊಂಡರು. ಉಳಿದದ್ದು ವಾರಕ್ಕೆ 0 ಗಂಟೆ.

ಮೇಜಿನ ಕೆಳಗಿನ ನಿದ್ದೆ

ಮೂರನೆಯ ಪುಟ ನೆಟ್‌ಸ್ಕೇಪ್ ಸಂಸ್ಥೆಯದು. 1994ರ ಏಪ್ರಿಲಿನಲ್ಲಿ ಜಿಮ್ ಕ್ಲಾರ್ಕ್ ಮತ್ತು ಮಾರ್ಕ್ ಆಂಡ್ರೀಸನ್ ಇದನ್ನು ಆರಂಭಿಸಿದರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಎಂಬ ಅಂತರ್ಜಾಲ ವೀಕ್ಷಕ ತಂತ್ರಾಂಶವನ್ನು ಬರೆದಿದ್ದ ಹುಡುಗರು ಇಲ್ಲಿ ಸೇರಿ, ಅದಕ್ಕಿಂತ ಉತ್ತಮವಾದುದನ್ನು ಹೊಸದಾಗಿ ಬರೆಯತೊಡಗಿದರು. ಅಕ್ಟೋಬರ್ 13ಕ್ಕೆ ಪರೀಕ್ಷಾರ್ಥ ಆವೃತ್ತಿ, ಡಿಸೆಂಬರ್ 15ಕ್ಕೆ ಮೊದಲ ಪೂರ್ಣ ಆವೃತ್ತಿ ಹೊರಬಂತು. 1995ರ ಆಗಸ್ಟ್ 9ರಂದು, ಸಂಸ್ಥೆಗೆ ಇನ್ನೂ ಹದಿನಾರು ತಿಂಗಳು ತುಂಬಿದಾಗ, ಷೇರು ಮಾರುಕಟ್ಟೆಗೆ ಬಂತು. 28 ಡಾಲರಿಗೆ ನಿಗದಿಯಾಗಿದ್ದ ಷೇರು 71 ಡಾಲರಿನಲ್ಲಿ ವ್ಯಾಪಾರ ಆರಂಭಿಸಿ ದಿನದ ಕೊನೆಗೆ 58.25ರಲ್ಲಿ ನಿಂತಿತು. ನಿದ್ದೆಗೆಟ್ಟರೆ ಕೋಟ್ಯಧೀಶರಾಗಬಹುದು ಎಂಬ ನಂಬಿಕೆ ಜಗತ್ತಿನ ತರುಣರಲ್ಲಿ ಬೇರೂರಿದ್ದು ಈ ದಿನದಿಂದ ಎಂದರೆ ತಪ್ಪಾಗಲಾರದು.

ಈ ಸಂಸ್ಥೆಯ ಆರಂಭದ ಪ್ರೋಗ್ರಾಮರುಗಳಲ್ಲಿ ಒಬ್ಬರಾದ ಜೇಮಿ ಝವಿನ್ಸ್ಕಿ ತಮ್ಮ 1994ರ ದಿನಚರಿಯ ಕೆಲವು ಪುಟಗಳನ್ನು ಪ್ರಕಟಿಸಿದ್ದಾರೆ. ಕಚೇರಿಯಲ್ಲಿಯೇ ಮೇಜಿನ ಕೆಳಗೆ ರಜಾಯಿ ಹೊದ್ದು ಎರಡು ಮೂರು ಗಂಟೆ ಮಲಗಿ ಎದ್ದದ್ದು, ಹಗಲು ರಾತ್ರಿಯ ಪರಿವೆ ತಪ್ಪಿದ್ದು, ಮನಸ್ಸು ಕುಗ್ಗಿದ್ದು, ಎಲ್ಲವೂ ಅದರಲ್ಲಿ ನೇರವಾಗಿ ದಾಖಲಾಗಿವೆ. ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ಮೈಕ್ರೋಸಾಫ್ಟ್ ತನ್ನ ವೀಕ್ಷಕ ತಂತ್ರಾಂಶವನ್ನು ಪುಕ್ಕಟೆ ಹಂಚಿತು, ನೆಟ್‌ಸ್ಕೇಪ್ ಸೊರಗಿತು. 1998ರ ಮಾರ್ಚ್ 31ರಂದು ಅದು ತನ್ನ ತಂತ್ರಾಂಶದ ಮೂಲ ಬರಹವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಫೈರ್‌ಫಾಕ್ಸ್ ಹುಟ್ಟಿದ್ದು ಆ ಬೀಜದಿಂದ. 1999ರಲ್ಲಿ ಸಂಸ್ಥೆ ಅಮೆರಿಕ ಆನ್‌ಲೈನ್ ಕೈಗೆ ಹೋಯಿತು. ಅದೇ ವರ್ಷ ಝವಿನ್ಸ್ಕಿ ರಾಜೀನಾಮೆ ಕೊಟ್ಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಂಗೀತ, ನೃತ್ಯಗಳ ಕ್ಲಬ್ ನಡೆಸಲು ಹೊರಟರು.

ಈ ದಿನಚರಿಗೆ ಒಂದು ಉಪಸಂಹಾರವಿದೆ. 2011ರಲ್ಲಿ ನವೋದ್ಯಮಗಳಿಗೆ ಬಂಡವಾಳ ಹೂಡುವವರೊಬ್ಬರು ಇದೇ ಪುಟಗಳನ್ನು ಎತ್ತಿ ತೋರಿಸಿ, ನೋಡಿ, ಹೀಗೆ ದುಡಿಯಬೇಕು, ಗೊಣಗಬಾರದು ಎಂದು ತರುಣರಿಗೆ ಬುದ್ಧಿ ಹೇಳಿದರು. ಝವಿನ್ಸ್ಕಿ ಕೂಡಲೇ ಪ್ರತಿಭಟಿಸಿದರು. ಹೀಗೆ ದುಡಿಸುವ ಕಥೆ ಹೇಳುವವರಿಗೆ ಅದರಿಂದ ಸಿಗುವ ಲಾಭವೇನು ಎಂಬುದನ್ನು ಮೊದಲು ಕೇಳಿಕೊಳ್ಳಿ ಎಂಬುದು ಅವರ ಮಾತಿನ ಸಾರ. ಎಚ್ಚರಿಕೆಗಾಗಿ ಬರೆದ ದಾಖಲೆಯನ್ನು ಪ್ರಚಾರಕ್ಕಾಗಿ ಬಳಸುವುದು ಚರಿತ್ರೆಯಲ್ಲಿ ಹೊಸದೇನಲ್ಲ. ಆಕರವೊಂದನ್ನು ಓದುವಾಗ ಯಾರು, ಯಾರಿಗೆ, ಯಾವ ಉದ್ದೇಶಕ್ಕೆ ಹೇಳುತ್ತಿದ್ದಾರೆಂದು ಕೇಳಬೇಕೆಂಬ ಪಾಠ ಇಲ್ಲಿಯೂ ಸಲ್ಲುತ್ತದೆ.

ಗಣಕವಿಲ್ಲದ ಗಣಕ ಸಂಸ್ಥೆ

ಇನ್ನು ನಮ್ಮ ನಾಡಿಗೆ ಬರೋಣ. ಇನ್ಫೋಸಿಸ್ 1981ರ ಜುಲೈನಲ್ಲಿ ಪುಣೆಯಲ್ಲಿ ಆರಂಭವಾಯಿತು. ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾರಾಯಣ ಮೂರ್ತಿಯವರೂ, ನಂದನ್ ನಿಲೇಕಣಿ, ಎನ್. ಎಸ್. ರಾಘವನ್, ಎಸ್. ಗೋಪಾಲಕೃಷ್ಣನ್, ಎಸ್. ಡಿ. ಶಿಬುಲಾಲ್, ಕೆ. ದಿನೇಶ್ ಮತ್ತು ಅಶೋಕ್ ಅರೋರಾ ಅವರೂ ಸೇರಿ ಏಳು ಜನ. ಬಂಡವಾಳ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ. 1983ರಲ್ಲಿ ಸಂಸ್ಥೆ ಬೆಂಗಳೂರಿಗೆ ಬಂತು. ಮೈಕೊ ಕಾರ್ಖಾನೆ ಭಾರತದೊಳಗಿನ ಮೊದಲ ಗಿರಾಕಿಯಾಯಿತು.

ಅಂದಿನ ಪ್ರೋಗ್ರಾಮರುಗಳ ಕಷ್ಟ ಕ್ಯಾಲಿಫೋರ್ನಿಯಾದವರ ಕಷ್ಟದಂಥದಲ್ಲ. ಅಲ್ಲಿ ಸಮಯ ಸಾಲದು; ಇಲ್ಲಿ ಸಾಧನವೇ ಇಲ್ಲ. ದೂರವಾಣಿ ಸಂಪರ್ಕಕ್ಕೆ ಒಂದು ವರ್ಷ, ಗಣಕವೊಂದನ್ನು ಆಮದು ಮಾಡಿಕೊಳ್ಳಲು ಎರಡು ಮೂರು ವರ್ಷ ಹಾಗೂ ದೆಹಲಿಗೆ ಸುಮಾರು 50 ಬಾರಿ ಓಡಾಟ ಬೇಕಾಯಿತೆಂದು ಮೂರ್ತಿಯವರೇ ಹಲವು ಬಾರಿ ಹೇಳಿದ್ದಾರೆ. ಯಂತ್ರ ಇಲ್ಲಿಗೆ ಬಾರದಿದ್ದರೆ ಮನುಷ್ಯನೇ ಯಂತ್ರವಿರುವಲ್ಲಿಗೆ ಹೋಗಬೇಕು. ಹೀಗಾಗಿ ಸಂಸ್ಥಾಪಕರಲ್ಲಿ ಹಲವರು ಅಮೆರಿಕದ ಗಿರಾಕಿಗಳ ಕಚೇರಿಗಳಲ್ಲಿಯೇ ಕುಳಿತು ಪ್ರೋಗ್ರಾಂ ಬರೆದರು. 1990ರಲ್ಲಿ ಸಂಸ್ಥೆಯನ್ನು 10 ಲಕ್ಷ ಡಾಲರಿಗೆ ಕೊಳ್ಳಲು ಯಾರೋ ಮುಂದೆ ಬಂದಾಗ, ಒಂಬತ್ತು ವರ್ಷ ಪಟ್ಟ ಪಾಡಿಗೆ ಅದನ್ನು ಮಾರಿ ಕೈ ತೊಳೆದುಕೊಳ್ಳುವ ಯೋಚನೆಯೂ ಸಹಸಂಸ್ಥಾಪಕರಲ್ಲಿ ಬಂದಿತ್ತು. 1993ರಲ್ಲಿ 95 ರೂಪಾಯಿಗೆ ಷೇರು ಬಿಟ್ಟಾಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲವೆಂಬುದನ್ನು ಇಂದು ನಂಬುವುದು ಕಷ್ಟ.

ಈ ನಡುವೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಉಪಗ್ರಹ ಸಂಪರ್ಕಕ್ಕೆ ಬೇಕಾದ ದೊಡ್ಡ ತಟ್ಟೆಯ ಆಂಟೆನಾವನ್ನು ಎತ್ತಿನಗಾಡಿಯಲ್ಲಿ ಸಾಗಿಸಿದ ಚಿತ್ರ ಪ್ರಸಿದ್ಧವಾಗಿದೆ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸ್ಥಾಪನೆಯಾಗಿ ಸಣ್ಣ ಸಂಸ್ಥೆಗಳಿಗೂ ಇಂಥ ಸಂಪರ್ಕ ದೊರೆಯಿತು. ಅಲ್ಲಿಂದ ಮುಂದೆ ಮನುಷ್ಯ ಊರಿನಲ್ಲಿಯೇ ಉಳಿದ, ಅವನ ಕೆಲಸ ಮಾತ್ರ ಸಮುದ್ರ ದಾಟಿತು. ಇದರಿಂದ ಹೊಸದೊಂದು ತೊಡಕು ಹುಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 8 ಗಂಟೆಯಾದರೆ ನಮ್ಮಲ್ಲಿ ಅವರ ಬೇಸಿಗೆಯಲ್ಲಿ ರಾತ್ರಿ 8.30, ಚಳಿಗಾಲದಲ್ಲಿ 9.30. ಅವರ ಮುಂಜಾನೆಯ ಸಭೆ ನಮ್ಮವರ ಊಟದ ಹೊತ್ತು. ಗಿರಣಿಯ ಕೆಲಸಗಾರನಿಗೆ ಸೈರನ್ ಕೂಗಿದರೆ ದಿನ ಮುಗಿಯುತ್ತಿತ್ತು. ಇವರ ದಿನಕ್ಕೆ ಸೈರನ್ ಇಲ್ಲ.

ಹಬ್ಬಕ್ಕೆ ಊರಿಗೆ ಬಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನಮ್ಮ ಮನೆಗೂ ಬರುತ್ತಾರೆ. ಮಾತಿನ ನಡುವೆ ಫೋನು ಮಿಡಿಯುತ್ತದೆ. "ಸರ್, ಒಂದ್ನಿಮಿಷ, ಪ್ರೊಡಕ್ಷನ್ ಬಿದ್ದಿದೆ" ಎಂದು ಲ್ಯಾಪ್‌ಟಾಪ್ ತೆರೆದು ಜಗಲಿಗೆ ಹೋಗಿ ಕುಳಿತರೆ ಆ ಒಂದು ನಿಮಿಷ ಒಂದೂವರೆ ಗಂಟೆಯಾಗುತ್ತದೆ. ಜನ ಬಳಸುತ್ತಿರುವ ವ್ಯವಸ್ಥೆ ನಿಂತುಹೋದರೆ ಅದನ್ನು 'ಬಿದ್ದಿದೆ' ಎನ್ನುತ್ತಾರೆ. ಅದನ್ನು ಎತ್ತಿ ನಿಲ್ಲಿಸಲು ಸರದಿಯ ಮೇಲೆ ಯಾರಾದರೊಬ್ಬರು ಹಗಲು ರಾತ್ರಿ ಸಿದ್ಧರಿರಬೇಕು. ಇದಕ್ಕೆ 'ಆನ್‌ಕಾಲ್' ಎಂದು ಹೆಸರು. ಈ ಸರದಿಯ ರಾತ್ರಿಗಳು ಗಂಟೆಗಳ ಲೆಕ್ಕದಲ್ಲಿ ಸೇರುತ್ತವೆಯೇ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ.

ಪಾಲಿನ ಮಾತು

ಆಲ್ಟೇರ್ ಪ್ರಸಂಗದಲ್ಲಿ ನೆನಪಿನಲ್ಲಿಡಿ ಎಂದು ಹೇಳಿದ ಮಾತಿಗೆ ಈಗ ಬರುತ್ತೇನೆ. ತನ್ನ ಹೊಲಕ್ಕೆ ನೀರು ಕಟ್ಟುವ ರೈತ ನಡುರಾತ್ರಿ ಕರೆಂಟು ಬಂದರೂ ಎದ್ದು ಹೋಗುತ್ತಾನೆ. ಅವನು ಗಂಟೆ ಎಣಿಸುವುದಿಲ್ಲ. ಕೂಲಿಗೆ ಬಂದವನು ಗಂಟೆ ಎಣಿಸುತ್ತಾನೆ, ಎಣಿಸುವುದು ನ್ಯಾಯವೂ ಹೌದು. ಸಂಸ್ಥಾಪಕನು ಮೊದಲನೆಯವನು, ಸಂಬಳದ ಪ್ರೋಗ್ರಾಮರ್ ಎರಡನೆಯವನು. ಮೂರ್ತಿಯವರು ತಾವು ವಾರಕ್ಕೆ 70 ಗಂಟೆಗಿಂತಲೂ ಹೆಚ್ಚು ದುಡಿದದ್ದನ್ನು ಹೇಳುವಾಗ ಅದು ಸತ್ಯವೇ. ಆದರೆ ಅದು ತನ್ನ ಹೊಲದ ಮಾತು.

ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದಿದೆ. ನಮ್ಮ ಹಳ್ಳಿಗಳಲ್ಲಿ 'ಪಾಲಿಗೆ ಮಾಡುವುದು' ಎನ್ನುತ್ತೇವಲ್ಲ, ಅಂಥದು. ಸಂಬಳದ ಒಂದು ಭಾಗದ ಬದಲು ಸಂಸ್ಥೆಯ ಷೇರುಗಳನ್ನು ಮುಂದೊಂದು ದಿನ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು ಕೊಡುತ್ತಾರೆ. ಇದಕ್ಕೆ 'ಇಸಾಪ್' ಎನ್ನುತ್ತಾರೆ. ಹಕ್ಕು ಒಮ್ಮೆಗೇ ಕೈಗೆ ಬರುವುದಿಲ್ಲ; ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬರುತ್ತದೆ. 1994ರಲ್ಲಿಯೇ ಇನ್ಫೋಸಿಸ್ ತನ್ನ ನೌಕರರಿಗೆ ಈ ಪಾಲು ಕೊಟ್ಟಿತು. ಅದರಿಂದ ಮಧ್ಯಮವರ್ಗದ ಎಷ್ಟೋ ಮನೆಗಳಿಗೆ ಹಿಂದೆಂದೂ ಕಾಣದ ಸಂಪತ್ತು ಬಂತು. ಈ ಶ್ರೇಯಸ್ಸು ಅವರಿಗೆ ಸಲ್ಲಲೇಬೇಕು.

2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಪುಸ್ತಕ ಮಾರಲು ಆರಂಭಿಸಿದ ಫ್ಲಿಪ್‌ಕಾರ್ಟ್ ಮುಂದೆ ದೇಶದ ದೊಡ್ಡ ಜಾಲಮಳಿಗೆಯಾಯಿತು. 2014ರ ಅಕ್ಟೋಬರ್ 6ರ ಮಹಾಮಾರಾಟದಂದು ಜನಸಂದಣಿ ತಾಳಲಾರದೆ ಅದರ ತಾಣ ತಡವರಿಸಿ, ಮರುದಿನ ಸಂಸ್ಥಾಪಕರು ಗಿರಾಕಿಗಳ ಕ್ಷಮೆ ಕೇಳಿದರು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಸುಮಾರು ಶೇಕಡ 77ರಷ್ಟು ಪಾಲು ಕೊಂಡಾಗ ಪಾಲುದಾರ ನೌಕರರಿಗೂ ಫಲ ಸಿಕ್ಕಿತು. ಆದರೆ ಬೆಳೆ ಯಾವಾಗಲೂ ಕೈಗೆ ಹತ್ತುವುದಿಲ್ಲ. ಬೆಂಗಳೂರಿನದೇ ಆದ ಬೈಜೂಸ್ ಸಂಸ್ಥೆಯ ಬೆಲೆ 2022ರಲ್ಲಿ 2,200 ಕೋಟಿ ಡಾಲರ್ ಎಂದು ಕಟ್ಟಲಾಗಿತ್ತು. ಸಾವಿರಾರು ಜನ ಕೆಲಸ ಕಳೆದುಕೊಂಡರು. 2024ರಲ್ಲಿ ಸಂಬಳವೂ ತಡವಾಯಿತು, ಅದೇ ವರ್ಷದ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಅಂಥ ಸಂಸ್ಥೆಯ ಪಾಲಿನ ಪತ್ರ ಹಿಡಿದವನ ಕೈಯಲ್ಲಿ ಉಳಿಯುವುದು ಕಾಗದ ಮಾತ್ರ. ಪಾಲಿಗೆ ಮಾಡಿದ ರೈತ ಬೆಳೆಯನ್ನು ಕಣ್ಣಾರೆ ಕಾಣುತ್ತಾನೆ. ಈ ಪಾಲಿನಲ್ಲಿ ಬೆಳೆ ಇದೆಯೋ ಇಲ್ಲವೋ ಎಂಬುದು ಒಡೆಯನಿಗೆ ಮಾತ್ರ ಗೊತ್ತು.

ಕಾನೂನು ಏನನ್ನುತ್ತದೆ

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಸಾಮಾನ್ಯ ದುಡಿಮೆಯ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ. ಆದರೆ ನೇಮಕ, ಶಿಸ್ತು, ವಜಾಗಳಿಗೆ ಲಿಖಿತ ನಿಯಮಗಳಿರಬೇಕೆಂದು ವಿಧಿಸಿದ 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯಿದೆಯಿಂದ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗೂ ನವೋದ್ಯಮಗಳಿಗೂ ರಾಜ್ಯ ಸರ್ಕಾರ 2014, 2019 ಮತ್ತು 2024ರಲ್ಲಿ ಐದೈದು ವರ್ಷಗಳ ವಿನಾಯಿತಿ ನೀಡಿತು. 2017ರಲ್ಲಿ ಈ ಕ್ಷೇತ್ರದ ನೌಕರರ ಸಂಘವೊಂದು ರಾಜ್ಯದಲ್ಲಿ ನೋಂದಣಿಯಾಯಿತು. 2024ರ ಜುಲೈನಲ್ಲಿ ದುಡಿಮೆಯ ದಿನವನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ಸರ್ಕಾರದ ಮುಂದೆ ಬಂದಾಗ ಅದನ್ನು ಗಟ್ಟಿಯಾಗಿ ವಿರೋಧಿಸಿದ್ದು ಆ ಸಂಘವೇ. ವಿದ್ಯಾವಂತ ಯುವಕರು ತಮ್ಮನ್ನು ಕಾರ್ಮಿಕರೆಂದು ಕರೆದುಕೊಳ್ಳಲು ಹಿಂಜರಿಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಗುಮಾಸ್ತರೂ ಹಾಗೆಯೇ ಹಿಂಜರಿದಿದ್ದರು. ಸಂಬಳ ದೊಡ್ಡದಾದ ಮಾತ್ರಕ್ಕೆ ವಾರಕ್ಕೆ 168ಕ್ಕಿಂತ ಹೆಚ್ಚು ಗಂಟೆ ಯಾರಿಗೂ ಸಿಗುವುದಿಲ್ಲ.

ಒಂದು ಕೋರಿಕೆ

ಮೇಲಿನ ಪುಟಗಳಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಿರಬಹುದು. ಅಮೆರಿಕದ ಪ್ರಸಂಗಗಳಲ್ಲಿ ಹರ್ಟ್ಸ್‌ಫೆಲ್ಡ್, ಅಟ್ಕಿನ್ಸನ್, ಸ್ಮಿತ್, ಝವಿನ್ಸ್ಕಿ ಎಂದು ದುಡಿದವರ ಹೆಸರುಗಳು ಬಂದವು. ನಮ್ಮ ನಾಡಿನ ಪ್ರಸಂಗಗಳಲ್ಲಿ ಬಂದದ್ದು ಸಂಸ್ಥಾಪಕರ ಹೆಸರುಗಳು ಮಾತ್ರ. ಇದು ಲೇಖಕನ ಪಕ್ಷಪಾತದಿಂದಾದದ್ದಲ್ಲ, ಆಕರಗಳ ಸ್ವರೂಪದಿಂದಾದದ್ದು. ಅಲ್ಲಿನ ಕೆಲಸಗಾರರಲ್ಲಿ ಕೆಲವರಾದರೂ ತಮ್ಮ ದಿನಗಳನ್ನು ಬರೆದಿಟ್ಟು ಪ್ರಕಟಿಸಿದರು. ಇಲ್ಲಿ ನಮ್ಮ ಮನೆಗಳ ಮಕ್ಕಳು ನಾಲ್ಕು ದಶಕಗಳಿಂದ ಈ ಕೆಲಸದಲ್ಲಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯ ಬಸ್ಸುಗಳಲ್ಲಿ ತೂಕಡಿಸಿದ್ದಾರೆ, 1999ರ ಕೊನೆಯಲ್ಲಿ ಇಸವಿಯ ಎರಡಂಕಿಗಳನ್ನು ತಿದ್ದುತ್ತ ರಾತ್ರಿ ಕಳೆದಿದ್ದಾರೆ, ಕೋರಮಂಗಲದ ಬಾಡಿಗೆ ಮನೆಗಳಲ್ಲಿ ಹೊಸ ಸಂಸ್ಥೆಗಳನ್ನು ಕಟ್ಟಿದ್ದಾರೆ, ಮುಚ್ಚಿದಾಗ ಪೆಟ್ಟಿಗೆ ಕಟ್ಟಿಕೊಂಡು ಹೊರಟಿದ್ದಾರೆ. ಕನ್ನಡದಲ್ಲಿ ಅದರ ದಾಖಲೆ ಅತಿ ಸ್ವಲ್ಪ.

ಆದ್ದರಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಹಾಗೆಯೇ ಇದನ್ನು ಓದುತ್ತಿರುವ ಇತರರಲ್ಲಿ ನನ್ನ ಕೋರಿಕೆ ಇಷ್ಟೆ: ದಿನಚರಿ ಬರೆಯಿರಿ. ದೊಡ್ಡದೇನೂ ಬೇಡ. ಎಷ್ಟು ಹೊತ್ತಿಗೆ ಕುಳಿತಿರಿ, ಎಷ್ಟು ಹೊತ್ತಿಗೆ ಎದ್ದಿರಿ, ಏನು ಕಟ್ಟಿದಿರಿ, ಏನು ಬಿದ್ದಿತು, ಯಾರು ಜೊತೆಗಿದ್ದರು, ಮನೆಯಲ್ಲಿ ಯಾವುದು ತಪ್ಪಿಹೋಯಿತು, ಯಾವ ದಿನ ಕೆಲಸದ ಸಂತೋಷದಿಂದ ನಿದ್ದೆ ಬರಲಿಲ್ಲ, ಯಾವ ದಿನ ಭಯದಿಂದ ಬರಲಿಲ್ಲ, ಇಷ್ಟನ್ನು ತಾರೀಖು ಹಾಕಿ ನಾಲ್ಕು ಸಾಲಿನಲ್ಲಿ ಬರೆದಿಡಿ. ಸಂಸ್ಥೆಯ ಗುಟ್ಟುಗಳು ಅದರಲ್ಲಿ ಬೇಕಾಗಿಲ್ಲ. ಇಂಗ್ಲೆಂಡಿನ ಗಿರಣಿಗಳಲ್ಲಿ ಮಕ್ಕಳು ಎಷ್ಟು ದುಡಿದರೆಂಬುದು ನಮಗೆ ತಿಳಿದಿರುವುದು, ಸಂಸತ್ತಿನ ಸಮಿತಿಗಳ ಮುಂದೆ ಆ ಕೆಲಸಗಾರರೇ ನಿಂತು ಹೇಳಿದ್ದನ್ನು ಯಾರೋ ಬರೆದುಕೊಂಡದ್ದರಿಂದ. 1833ರ ಕಾಯಿದೆ ಬಂದದ್ದು ಆ ಸಾಕ್ಷ್ಯಗಳ ಬಲದಿಂದಲೇ. ವಾರಕ್ಕೆ ಎಷ್ಟು ಗಂಟೆ ಎಂಬ ಚರ್ಚೆ ಇನ್ನೊಮ್ಮೆ ಎದ್ದಾಗ, ದುಡಿಸಿದವರ ಭಾಷಣದ ಎದುರಿಗೆ ಇಡಲು ದುಡಿದವರ ಲೆಕ್ಕದ ಪುಸ್ತಕವೂ ಇರಲಿ.